56ಕೆ ಮೋಡೆಮ್ ಮಲೆನಾಡಿನಲ್ಲಿ 56ನ್ನು ಏಕೆ ಮುಟ್ಟಲಿಲ್ಲ

ಕಂಪ್ಯೂಟರನ್ನು ದೂರವಾಣಿ ತಂತಿಯ ಮೂಲಕ ಇಂಟರ್ನೆಟ್ಟಿಗೆ ಜೋಡಿಸುತ್ತಿದ್ದ, ಸೆಕೆಂಡಿಗೆ 56 ಕಿಲೋಬಿಟ್ ಎಂದು ಹೆಸರು ಹೊತ್ತ ಒಂದೇ ಮಾದರಿಯ 56ಕೆ ಮೋಡೆಮ್ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸೆಕೆಂಡಿಗೆ 45 ಕಿಲೋಬಿಟ್ ದಾಟಿ, ತೀರ್ಥಹಳ್ಳಿಯಾಚೆಯ ತೋಟದ ಮನೆಯಲ್ಲಿ 28ಕ್ಕೇ ನಿಂತುಬಿಡಬಹುದಿತ್ತು. ದೂರವಾಣಿ ಕರೆ ಮಾಡಿ ಇಂಟರ್ನೆಟ್ ಸೇರುತ್ತಿದ್ದ ಡಯಲಪ್ ಕಾಲದಲ್ಲಿ ಯಾವ ಮೋಡೆಮ್ ಉತ್ತಮ ಎಂಬ ಚರ್ಚೆ ಬಹುಪಾಲು ಡಬ್ಬಿಯ ಮೇಲಿನ ಅಂಕಿಯ ಸುತ್ತಲೇ ನಡೆಯಿತು. ವೇಗವನ್ನು ನಿಜವಾಗಿ ನಿರ್ಧರಿಸುತ್ತಿದ್ದದ್ದು ಮನೆಯಿಂದ ದೂರವಾಣಿ ಎಕ್ಸ್‌ಚೇಂಜಿನವರೆಗಿನ ತಾಮ್ರದ ತಂತಿ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದರ ಹಿಂದಿನ ವರ್ಷವಷ್ಟೇ ವಿ.34 ಎಂಬ ಮಾನದಂಡ 28.8 ಕಿಲೋಬಿಟ್ ವೇಗವನ್ನು ತಂದಿತ್ತು. 1996ರಲ್ಲಿ ಅದು 33.6ಕ್ಕೆ ಏರಿತು. ಮಾತಿಗೆಂದು ರೂಪುಗೊಂಡ, ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವ ದೂರವಾಣಿ ಮಾರ್ಗದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿರಲಿಲ್ಲ. ಗದ್ದಲವಿರುವ ಮಾರ್ಗದಲ್ಲಿ ಗರಿಷ್ಠ ಎಷ್ಟು ಮಾಹಿತಿ ಸಾಗಬಲ್ಲದು ಎಂದು ಹೇಳುವ, ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರದ ಮಿತಿ ಇಲ್ಲಿಗೆ ಬಹಳ ಹತ್ತಿರದಲ್ಲಿತ್ತು.

ಹಾಗಿದ್ದರೆ 56 ಬಂದದ್ದು ಎಲ್ಲಿಂದ? ಡಿಜಿಟಲ್ ಎಕ್ಸ್‌ಚೇಂಜು ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಹೀಗೆ ಅಂಕಿಯಾಗಿಸುವಾಗ ಹುಟ್ಟುವ ಗದ್ದಲವೇ ಹಳೆಯ ಮೋಡೆಮ್‌ಗಳಿಗೆ ದೊಡ್ಡ ಅಡ್ಡಿಯಾಗಿತ್ತು. ಇಂಟರ್ನೆಟ್ ಸೇವೆ ಕೊಡುವವರ ಕಡೆಯ ಸಲಕರಣೆಯನ್ನು ನೇರವಾಗಿ ಡಿಜಿಟಲ್ ಜಾಲಕ್ಕೆ ಜೋಡಿಸಿದರೆ ನಮ್ಮತ್ತ ಬರುವ ಮಾಹಿತಿಗೆ ಆ ಗದ್ದಲ ತಟ್ಟುವುದಿಲ್ಲ, ಆಗ 8ರಲ್ಲಿ 7 ಬಿಟ್‌ಗಳನ್ನು ಬಳಸಿಕೊಳ್ಳಬಹುದು ಎಂಬುದೇ ಹೊಸ ಉಪಾಯ. 8,000ವನ್ನು 7ರಿಂದ ಗುಣಿಸಿದರೆ 56,000. ಮನೆಯಿಂದ ಹೋಗುವ ಮಾಹಿತಿ ಮಾತ್ರ 33.6ರಲ್ಲೇ ಉಳಿಯಿತು. 1997ರಲ್ಲಿ ಯುಎಸ್ ರೊಬಾಟಿಕ್ಸ್‌ನ ಎಕ್ಸ್2, ರಾಕ್‌ವೆಲ್ ಮತ್ತು ಲೂಸೆಂಟ್‌ಗಳ ಕೆ56ಫ್ಲೆಕ್ಸ್ ಎಂಬ ಎರಡು ವಿಧಾನಗಳು ಎದುರುಬದುರು ನಿಂತವು. ಒಂದರ ಮೋಡೆಮ್ ಇನ್ನೊಂದರ ಜೊತೆ ಆ ವೇಗದಲ್ಲಿ ಮಾತಾಡುತ್ತಿರಲಿಲ್ಲ. 1998ರ ವಿ.90 ಮಾನದಂಡ ಈ ಜಗಳವನ್ನು ಮುಗಿಸಿತು.

ಮಲೆನಾಡಿನ ಕಥೆ ತೊಡಕಾಗುವುದು ಇಲ್ಲಿಯೇ. ದಾರಿಯಲ್ಲಿ ಎಲ್ಲಿಯಾದರೂ ಇನ್ನೊಮ್ಮೆ ಅಲೆಯ ರೂಪದ ಅನಲಾಗ್‌ನಿಂದ ಡಿಜಿಟಲ್‌ಗೆ ಪರಿವರ್ತನೆ ನಡೆದರೆ ಮೋಡೆಮ್ ವಿ.90 ಕೈಬಿಟ್ಟು ವಿ.34ಕ್ಕೆ ಇಳಿಯುತ್ತದೆ, ಹಾಗಾಗಿ ಅನಲಾಗ್ ರೇಡಿಯೋ ಕೊಂಡಿಯ ಮೂಲಕ ದೂರವಾಣಿ ಪಡೆದ ಹಳ್ಳಿಗೆ 56ಕೆ ಮೋಡೆಮ್ ಕೊಳ್ಳುವುದು ವ್ಯರ್ಥ ಖರ್ಚಾಗಿತ್ತು. ಎಕ್ಸ್‌ಚೇಂಜು ಡಿಜಿಟಲ್ ಆಗಿದ್ದ ಊರುಗಳಲ್ಲೂ ಮನೆಗಳು ಚದುರಿದ್ದು, ಗುಡ್ಡ ಸುತ್ತಿ ತೋಟ ಹಾಯ್ದು ಬರುವ ತಂತಿ ಉದ್ದವಾದಷ್ಟೂ ಮೇಲಿನ ಆವರ್ತನಗಳು ಕುಗ್ಗುತ್ತಿದ್ದವು. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಇಳಿದರೆ ಗೊರಗೊರ ಸದ್ದು ಏಳುತ್ತಿತ್ತು. ಮಾತಾಡುವವರು ಅದನ್ನು ಸಹಿಸಿಕೊಳ್ಳಬಹುದು, ಮೋಡೆಮ್‌ಗೆ ಅದು ಸಾಧ್ಯವಿಲ್ಲ.

ಆದ್ದರಿಂದ ಎರಡು ಮೋಡೆಮ್‌ಗಳ ಹೋಲಿಕೆ ನ್ಯಾಯವಾಗಬೇಕಾದರೆ ಒಂದೇ ತಂತಿಯಲ್ಲಿ, ಒಂದೇ ಸಂಖ್ಯೆಗೆ ಕರೆ ಮಾಡಿ, ದಿನದ ಒಂದೇ ಹೊತ್ತಿನಲ್ಲಿ ಪರೀಕ್ಷಿಸಬೇಕಿತ್ತು. ಸಂಪರ್ಕವಾದಾಗ ಪರದೆಯಲ್ಲಿ ಕಾಣುವ 1,15,200 ಎಂಬ ಅಂಕಿ ಎಷ್ಟೋ ಬಾರಿ ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ವೇಗವಾಗಿತ್ತೇ ಹೊರತು ತಂತಿಯದಲ್ಲ. ಪಠ್ಯದ ಕಡತ ಬಳಸಿದರೂ ಫಲಿತಾಂಶ ದಾರಿ ತಪ್ಪಿಸುತ್ತದೆ, ಏಕೆಂದರೆ ವಿ.42ಬಿಸ್ ಸಂಕೋಚನ ಅದನ್ನು ಹಿಂಡಿ ಕಳುಹಿಸುತ್ತದೆ. ಮೊದಲೇ ಜಿಪ್ ಮಾಡಿದ ಕಡತ ಇಳಿಯಲು ಹಿಡಿಯುವ ಸಮಯವೇ ನಂಬತಕ್ಕ ಅಳತೆ. ಒಂದು ಮೆಗಾಬೈಟ್ ಇಳಿಸಲು 33.6ರಲ್ಲಿ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು, 45ರಲ್ಲಿ ಮೂರು ನಿಮಿಷ ದಾಟಿ ಬೇಕಾಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಸ್ಥಿರತೆ. ಗದ್ದಲ ಹೆಚ್ಚಿದಾಗಲೆಲ್ಲ ಕೆಲವು ಸೆಕೆಂಡು ಎಲ್ಲವನ್ನೂ ನಿಲ್ಲಿಸಿ ಮತ್ತೆ ಹೊಂದಿಸಿಕೊಳ್ಳುವ, ಕೊನೆಗೆ ಕರೆಯನ್ನೇ ಕಡಿದುಕೊಳ್ಳುವ ಮೋಡೆಮ್‌ಗಿಂತ 31.2ರಲ್ಲಿ ಗಂಟೆಗಟ್ಟಲೆ ನಿಲ್ಲುವ ಮೋಡೆಮ್, ಪ್ರತಿ ಕರೆಗೂ ದುಡ್ಡು ತೆರುವ ಮನೆಗೆ ನಿಜವಾಗಿ ವೇಗದ್ದು.

2000ದಲ್ಲಿ ಬಂದ ವಿ.92 ಹೊರಹೋಗುವ ವೇಗವನ್ನು 48 ಕಿಲೋಬಿಟ್‌ಗೆ ಏರಿಸಿತಾದರೂ ತಂತಿಯ ದೋಷಕ್ಕೆ ಅದರಲ್ಲಿ ಪರಿಹಾರವಿರಲಿಲ್ಲ. ಅದೇ ವರ್ಷ ಹುಟ್ಟಿದ ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ 256 ಕಿಲೋಬಿಟ್‌ನಿಂದ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದು ಕೂಡ ಅದೇ ತಾಮ್ರದ ಮೇಲೆ, ಎಕ್ಸ್‌ಚೇಂಜಿನಿಂದ ಕೆಲವೇ ಕಿಲೋಮೀಟರ್‌ವರೆಗೆ ಮಾತ್ರ ಓಡುವ ಎಡಿಎಸ್‌ಎಲ್ ತಂತ್ರ. ದೂರದ ತೋಟದ ಮನೆಗಳು ಆ ಅಳತೆಯ ಹೊರಗೇ ಉಳಿದವು.