ಇಂಗ್ಲೆಂಡಿನಲ್ಲಿ ಭಾರತದ ಪಾಠಕ್ಕೆ ನಿಷೇಧ ಇದೆಯಾ?

ಪ್ರಶ್ನೆ: ಮೊಮ್ಮಗಳು ಲಂಡನ್‌ನಲ್ಲಿ ಒಂಬತ್ತನೇ ಕ್ಲಾಸು. ಬ್ರಿಟಿಷರು ನಮ್ಮನ್ನು ಆಳಿದ್ದರ ಬಗ್ಗೆ ಅವಳಿಗೆ ಒಂದಕ್ಷರ ಗೊತ್ತಿಲ್ಲ. ಅಲ್ಲಿನ ಸರ್ಕಾರವೇ ಆ ಪಾಠ ನಿಷೇಧಿಸಿದೆಯಂತೆ, ನಿಜವೇ?

ಉತ್ತರ: ನಿಜ ಅಲ್ಲ. ಎಷ್ಟು ಸಲ ಹೇಳಿದರೂ ಈ ವಾಟ್ಸಾಪ್ ಸುದ್ದಿ ಸಾಯುವುದಿಲ್ಲ.

ಇಂಗ್ಲೆಂಡಿನಲ್ಲಿ 2014ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮ ಇಂಟರ್ನೆಟ್ಟಿನಲ್ಲೇ ಇದೆ. ಫಾರ್ವರ್ಡ್ ಮಾಡುವ ಮೊದಲು ಯಾರಾದರೂ ತೆರೆದು ನೋಡಬಾರದೇ? 11ರಿಂದ 14 ವರ್ಷದ ಮಕ್ಕಳ ಇತಿಹಾಸದಲ್ಲಿ 1745ರಿಂದ 1901ರವರೆಗಿನ ಬ್ರಿಟನ್ ಒಂದು ಭಾಗ. ಅದರ ತಲೆಬರಹದಲ್ಲೇ ಸಾಮ್ರಾಜ್ಯದ ಮಾತಿದೆ. ಕೆಳಗಿನ ಪಟ್ಟಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಬೆಳವಣಿಗೆ ಇದೆ, ಭಾರತದ ಹೆಸರೂ ಇದೆ. 1901ರ ನಂತರದ ಪಟ್ಟಿಯಲ್ಲಿ ಭಾರತದ ಸ್ವಾತಂತ್ರ್ಯವಿದೆ. ನಿಷೇಧ ಮಾಡುವವರು ಹೀಗೆ ಪಟ್ಟಿ ಬರೆದು ಕೊಡುತ್ತಾರಾ?

ಕಿತಾಪತಿ ಇರುವುದು ಬೇರೆ ಕಡೆ. ಆ ಪಟ್ಟಿಗಳ ಮೇಲೆ, ಇವು ಬರೀ ಉದಾಹರಣೆ, ಕಡ್ಡಾಯವಲ್ಲ ಎಂದು ಬರೆದಿದೆ. ಹೆಸರು ಹೇಳಿ ಕಡ್ಡಾಯ ಮಾಡಿರುವುದು ಹಿಟ್ಲರ್ ಕಾಲದ ಯಹೂದಿಗಳ ನರಮೇಧ ಒಂದೇ. ಟೀಚರ್ ಭಾರತ ಬಿಟ್ಟು ಇನ್ನೊಂದು ವಿಷಯ ತೆಗೆದುಕೊಂಡರೂ ನಿಯಮ ಮುರಿದಂತಲ್ಲ. 14 ದಾಟಿದ ಮೇಲೆ ಇತಿಹಾಸವನ್ನೇ ಬಿಡಬಹುದು. ಎಂಟನೇ ಹೆನ್ರಿಯ ಆರು ಹೆಂಡಿರ ಹೆಸರು ಬಾಯಿಪಾಠ ಇರುವ ಮಗುವಿಗೆ ಪ್ಲಾಸಿ ಕದನ ಗೊತ್ತಿಲ್ಲದಿದ್ದರೆ ಆಶ್ಚರ್ಯವೇನು? ಮುಚ್ಚಿಡುವ ಕಷ್ಟವೇ ಬೇಡ, ಐಚ್ಛಿಕ ಅಂದರೆ ಸಾಕು.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ. ಕಲಿಸಿದಾಗ ಏನು ಕಲಿಸುತ್ತಾರೆ? ಗುಲಾಮಗಿರಿಯನ್ನೇ ನೋಡಿ. ವಿಲ್ಬರ್‌ಫೋರ್ಸ್ ಎಂಬ ಬ್ರಿಟಿಷ್ ಸಂಸದ ಹೋರಾಡಿದ, ಬ್ರಿಟನ್ ಅದನ್ನು ನಿಲ್ಲಿಸಿತು ಎಂಬ ಕಥೆ ಜನಪ್ರಿಯ. ಸುಳ್ಳಲ್ಲ, ಅರ್ಧ ಅಷ್ಟೇ. ಗುಲಾಮಗಿರಿ ರದ್ದು ಮಾಡಿದ 1833ರ ಕಾನೂನಿನಲ್ಲಿ 2 ಕೋಟಿ ಪೌಂಡ್ ಪರಿಹಾರ ಇತ್ತು. ಯಾರಿಗೆ? ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ! ಗುಲಾಮರಿಗೆ ಬಿಡಿಗಾಸೂ ಸಿಗಲಿಲ್ಲ. ಸಾಲದ್ದಕ್ಕೆ ಅವರಲ್ಲಿ ಬಹುಪಾಲು ಜನ ಅಪ್ರೆಂಟಿಸ್ ಎಂಬ ಹೆಸರಿನಲ್ಲಿ 1838ರವರೆಗೆ ಅದೇ ಮಾಲೀಕರ ಬಳಿ ಪುಕ್ಕಟೆ ದುಡಿಯಬೇಕಾಯಿತು. ಪರಿಹಾರಕ್ಕೆಂದು ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು ಯಾವಾಗ ಗೊತ್ತಾ? 2015ರಲ್ಲಿ. ಅಂದರೆ ಅದಕ್ಕೂ ಮುಂಚೆ ಬೆಂಗಳೂರಿನಿಂದ ಹೋಗಿ ಅಲ್ಲಿ ಟ್ಯಾಕ್ಸ್ ಕಟ್ಟಿದ ನಮ್ಮ ಐಟಿ ಹುಡುಗರ ದುಡ್ಡೂ ಒಂದಿಷ್ಟು ಆ ಸಾಲಕ್ಕೇ ಹೋಗಿದೆ.