ಡೂಮ್‌ಸ್ಕ್ರೋಲಿಂಗ್: ಊರಿನ ಸುದ್ದಿ ನಮ್ಮ ಮನೆಯ ಚಿಂತೆ ಆಗುವುದು ಹೇಗೆ?

2021ರ ಮೇ ತಿಂಗಳು, ರಾತ್ರಿ ಒಂದೂವರೆ. ಹೊದಿಕೆಯೊಳಗೆ ಫೋನ್ ಹಿಡಿದು ಕೋವಿಡ್ ಬಂದು ಆಕ್ಸಿಜನ್ ಸಿಗದವರ ಸುದ್ದಿ ಓದುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಮ್ಮ ಒಮ್ಮೆ ಕೆಮ್ಮಿದರು. ಎದೆ ಧಸಕ್ಕೆಂದಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತು ಅವರ ಉಸಿರು ಎಣಿಸಿದೆ. ಜ್ವರ ಇರಲಿಲ್ಲ, ಉಸಿರೂ ಸರಿಯಾಗಿತ್ತು. ಆದರೂ ವಾಪಸ್ ಬಂದು ಮತ್ತೆ ಫೋನ್ ತೆಗೆದೆ. ಹೀಗೆ ಫೋನಿನಲ್ಲಿ ಕೆಟ್ಟ ಸುದ್ದಿಗಳನ್ನು ನಿಲ್ಲಿಸದೆ ಓದುತ್ತಾ ಹೋಗುವುದೇ ಡೂಮ್‌ಸ್ಕ್ರೋಲಿಂಗ್.

ಮನಃಶಾಸ್ತ್ರ ಓದಲು ಶುರು ಮಾಡಿದ ಮೇಲೆ ಆ ಕೆಮ್ಮಿಗೆ ಅರ್ಥ ಸಿಕ್ಕಿದ್ದು 1997ರ ಒಂದು ಪ್ರಯೋಗದಲ್ಲಿ. ಬ್ರಿಟನ್ನಿನ ಜಾನ್‌ಸ್ಟನ್ ಮತ್ತು ಡೇವಿ ಮೂರು ಗುಂಪುಗಳಿಗೆ 14 ನಿಮಿಷದ ಟಿವಿ ಸುದ್ದಿ ತೋರಿಸಿದರು. ಒಂದು ಗುಂಪಿಗೆ ಬರೀ ಕೆಟ್ಟ ಸುದ್ದಿ, ಇನ್ನೊಂದಕ್ಕೆ ಒಳ್ಳೆಯದು, ಮತ್ತೊಂದಕ್ಕೆ ಎರಡೂ ಅಲ್ಲದ್ದು. ಕೆಟ್ಟ ಸುದ್ದಿ ನೋಡಿದವರಿಗೆ ಬೇಸರ, ಆತಂಕ ಜಾಸ್ತಿಯಾಯಿತು. ಇದು ಯಾರಾದರೂ ಊಹಿಸುವಂಥದ್ದೇ. ಮುಖ್ಯವಾದದ್ದು ಮುಂದಿನದು. ಅವರ ಸ್ವಂತ ಚಿಂತೆಗಳೂ ಬೆಳೆದವು, ಅದೂ ಆ ಸುದ್ದಿಗೆ ಸಂಬಂಧವೇ ಇಲ್ಲದ ಚಿಂತೆಗಳು. 'ಹೀಗಾದರೆ? ಆಮೇಲೆ?' ಎಂದು ಮನಸ್ಸು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುವುದಕ್ಕೆ ಪುಸ್ತಕದಲ್ಲಿ ಕೆಟಾಸ್ಟ್ರಫೈಸಿಂಗ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಕಡ್ಡಿಯನ್ನು ಗುಡ್ಡ ಮಾಡಿಕೊಳ್ಳುವುದು. ಹದಿನಾಲ್ಕೇ ನಿಮಿಷಕ್ಕೆ ಹೀಗಾದರೆ, ರಾತ್ರಿಯಿಡೀ ಓದಿದರೆ ಏನಾಗಬೇಕು ಅಲ್ವಾ?

ಇನ್ನೊಂದು ಅಧ್ಯಯನ ಅಮೆರಿಕದ್ದು. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಕೆಲವೇ ವಾರಗಳಲ್ಲಿ ಹೋಲ್ಮನ್, ಗಾರ್ಫಿನ್, ಸಿಲ್ವರ್ ಎಂಬ ಸಂಶೋಧಕರು 4,675 ಜನರನ್ನು ಪ್ರಶ್ನಿಸಿದರು. ನಂತರದ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಹೊತ್ತು ಅದೇ ಸುದ್ದಿ ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲಿ ಅಥವಾ ಹತ್ತಿರ ಇದ್ದವರಿಗಿಂತಲೂ ಹೆಚ್ಚು ಕಂಡವು! ಇದನ್ನು ಮೊದಲ ಸಲ ಓದಿದಾಗ ಪುಟ ತಿರುಗಿಸಲು ಆಗಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಬಾಸ್ಟನ್‌ನದು ಸಮೀಕ್ಷೆ, ಪ್ರಯೋಗ ಅಲ್ಲ. ಮೊದಲೇ ಆತಂಕ ಇದ್ದವರೇ ಹೆಚ್ಚು ಸುದ್ದಿ ನೋಡಿರಬಹುದು. ಸಂಶೋಧಕರು ಹಿಂದಿನ ಮಾನಸಿಕ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು, ಆದರೂ 'ಸುದ್ದಿಯಿಂದಲೇ ಹೀಗಾಯಿತು' ಎನ್ನುವಂತಿಲ್ಲ. 'ಸಂಬಂಧ ಕಂಡುಬಂತು' ಎಂದಷ್ಟೇ ಹೇಳಬಹುದು. 2019ರಲ್ಲಿ ಬಂದ ಮುಂದಿನ ಅಧ್ಯಯನ ಎರಡೂ ದಿಕ್ಕನ್ನು ಸೇರಿಸುತ್ತದೆ. ಬಾಸ್ಟನ್ ಸುದ್ದಿ ಹೆಚ್ಚು ನೋಡಿ ಕಂಗಾಲಾದವರು ಮುಂದೆ ಏನಾಗುತ್ತದೋ ಎಂದು ಹೆಚ್ಚು ಹೆದರಿದರು. 2016ರ ಒರ್ಲ್ಯಾಂಡೊ ಗುಂಡಿನ ದಾಳಿಯ ಸುದ್ದಿಯನ್ನೂ ಅವರೇ ಹೆಚ್ಚು ನೋಡಿದರು, ಮತ್ತೆ ಕಂಗೆಟ್ಟರು. ಭಯ ಸುದ್ದಿಯನ್ನು ಹುಡುಕಿಸುತ್ತದೆ, ಸುದ್ದಿ ಭಯವನ್ನು ಬೆಳೆಸುತ್ತದೆ.

ಹಾಗಾದರೆ ಕೈ ಯಾಕೆ ನಿಲ್ಲುವುದಿಲ್ಲ? ಹೆದರಿದ ಮನಸ್ಸಿಗೆ ಒಂದು ಖಾತ್ರಿ ಬೇಕು. ಇನ್ನೊಂದು ಸುದ್ದಿ ಓದಿದರೆ ಸಮಾಧಾನ ಆದೀತು ಅನ್ನಿಸುತ್ತದೆ. ನಾನು ಬಾಗಿಲಲ್ಲಿ ನಿಂತು ಉಸಿರು ಎಣಿಸಿದ್ದೂ ಇದಕ್ಕೇ. ಪೇಪರ್ ಆಗಿದ್ದರೆ ಕೊನೆಯ ಪುಟ ಬಂದಾಗ ಮಡಚಿಡುತ್ತಿದ್ದೆ. ಫೋನಿನಲ್ಲಿ ತಳವೇ ಸಿಗುವುದಿಲ್ಲ.

ಸುದ್ದಿ ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಆ ದಿನಗಳಲ್ಲಿ ಬೆಡ್ ಎಲ್ಲಿದೆ ಎನ್ನುವುದೂ ಸುದ್ದಿಯಿಂದಲೇ ತಿಳಿಯುತ್ತಿತ್ತು. ಈಗ ನಾನು ಬೆಳಗ್ಗೆ ಕಾಫಿ ಕುಡಿಯುತ್ತಾ ಒಮ್ಮೆ ಓದುತ್ತೇನೆ. ರಾತ್ರಿ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕುತ್ತೇನೆ. ನಿಮಗೆ ವಾರಗಟ್ಟಲೆ ನಿದ್ದೆ ಬರದಿದ್ದರೆ, ಸುಮ್ನೆ ಕೂತಾಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.