ಗೋಧಿ ಬಿಟ್ಟರೂ ಮಗಳ ಟಿಟಿಜಿ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನ್ನ ಎಂಟು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ) ಇದೆಯೆಂದು ಗೊತ್ತಾಗಿ ಒಂದೂವರೆ ವರ್ಷವಾಯಿತು. ಚಪಾತಿ, ಬ್ರೆಡ್, ಬಿಸ್ಕತ್ತು ಯಾವುದನ್ನೂ ಕೊಡುತ್ತಿಲ್ಲ. ಅನ್ನ, ಮುದ್ದೆ, ದೋಸೆ ಅಷ್ಟೇ. ಆದರೂ ರಕ್ತಪರೀಕ್ಷೆಯಲ್ಲಿ ಟಿಟಿಜಿ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚಾಗುವ ಪ್ರತಿಕಾಯದ ಮಟ್ಟ) ಇಳಿದಿಲ್ಲ. ಇನ್ನೇನು ಬಿಡಬೇಕು?

ಉತ್ತರ: ನನ್ನ ಮಗನ ವರದಿ ಹಿಡಿದುಕೊಂಡು ನಾನೂ ವೈದ್ಯರ ಮುಂದೆ ಇದನ್ನೇ ಕೇಳಿದ್ದೆ. ಆರು ತಿಂಗಳಷ್ಟೇ ಆಗಿದ್ದರೆ ಕಾಯಿರಿ ಎನ್ನುತ್ತಿದ್ದೆ. ಟಿಟಿಜಿ ನಿಧಾನಕ್ಕೆ ಇಳಿಯುವಂಥದ್ದು, ಕೆಲವು ಮಕ್ಕಳಲ್ಲಿ ವರ್ಷ ದಾಟುತ್ತದೆ. ಒಂದೂವರೆ ವರ್ಷವಾದರೂ ಅಲ್ಲೇ ನಿಂತಿದ್ದರೆ, ಎಲ್ಲಿಂದಲೋ ಗ್ಲೂಟೆನ್ ಹೊಟ್ಟೆಗೆ ಹೋಗುತ್ತಿದೆಯೆಂದೇ ಮೊದಲು ಅನುಮಾನಿಸಬೇಕು. ತಟ್ಟೆಯಿಂದ ತೆಗೆಯುವಂಥದ್ದನ್ನು ನೀವು ಆಗಲೇ ತೆಗೆದಿದ್ದೀರಿ. ಇನ್ನು ಒಗ್ಗರಣೆ ಡಬ್ಬಿ ತೆರೆದು ನೋಡಿ.

ಅದರಲ್ಲಿ ಇಂಗಿದೆ. ಶುದ್ಧ ಇಂಗಿನ ಘಾಟು ತಡೆಯಲಾಗುವುದಿಲ್ಲ, ಹಾಗಾಗಿ ಅಂಗಡಿಗೆ ಬರುವ ಇಂಗಿಗೆ ಹಿಟ್ಟು ಬೆರೆಸಿರುತ್ತಾರೆ. ಎಷ್ಟೋ ಬ್ರಾಂಡುಗಳಲ್ಲಿ ಆ ಹಿಟ್ಟು ಗೋಧಿಯದೇ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನಾವು ಓದಿರುವುದಿಲ್ಲ. ಚಿಟಿಕೆ ಇಂಗಿನಿಂದ ಏನಾದೀತು ಅನ್ನಿಸುತ್ತದೆಯೇ? ಒರಟು ಲೆಕ್ಕ ಹಾಕೋಣ. ಸಾರಿಗೆ ಹಾಕಿದ ಇಂಗಿನಲ್ಲಿ 300 ಮಿಲಿಗ್ರಾಂ ಗೋಧಿ ಹಿಟ್ಟಿದ್ದರೆ, ಅದರಲ್ಲಿ ಗ್ಲೂಟೆನ್ ಸುಮಾರು 30 ಮಿಲಿಗ್ರಾಂ. ನಾಲ್ವರ ಮನೆಯಲ್ಲಿ ಮಗುವಿನ ಪಾಲು ಏಳೆಂಟು. ರಾತ್ರಿ ಪಲ್ಯಕ್ಕೆ ಮತ್ತೊಮ್ಮೆ. ಜೊತೆಗೆ ಉಪ್ಪಿನಕಾಯಿ, ಸಾರಿನ ಪುಡಿ, ಚಟ್ನಿಪುಡಿ. ಈ ಕಾಯಿಲೆಯ ಹೆಚ್ಚಿನವರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ತೊಂದರೆಯಾಗದು. ದಿನಕ್ಕೆ 50ರಂತೆ ತಿಂಗಳುಗಟ್ಟಲೆ ಹೋದರೆ ಕರುಳಿನ ಒಳಪದರ ಸವೆಯುತ್ತದೆ. ಹೊಟ್ಟೆನೋವು ಬಂದೇ ಬರುತ್ತದೆಂದಿಲ್ಲ, ಅದಕ್ಕೇ ಇದು ಗೊತ್ತಾಗುವುದಿಲ್ಲ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, 'ಗ್ಲೂಟೆನ್ ಮುಕ್ತ' ಎಂದು ಬರೆದದ್ದನ್ನೇ ತನ್ನಿ. ನಮ್ಮ ದೇಶದ ನಿಯಮದಂತೆ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರಕೂಡದು. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಎರಡನೆಯದು ಹಿಟ್ಟಿನ ಗಿರಣಿ. ರಾಗಿಯಲ್ಲಿ ಗ್ಲೂಟೆನ್ ಇಲ್ಲ. ಆದರೆ ನಿಮಗಿಂತ ಮುಂಚೆ ಸರದಿಯಲ್ಲಿದ್ದವರು ಗೋಧಿ ಬೀಸಿಸಿಕೊಂಡು ಹೋಗಿದ್ದರೆ, ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ಡಬ್ಬಕ್ಕೇ ಬೀಳುತ್ತದೆ. ಬೆಳಿಗ್ಗೆ ಮೊದಲಿಗೆ ಹೋದರೂ ನಿನ್ನೆಯ ಗೋಧಿ ಅಲ್ಲೇ ಇರುತ್ತದೆ. ನಾನು ಅಕ್ಕಿ, ರಾಗಿಯನ್ನು ಆರಿಸಿ, ತೊಳೆದು, ಒಣಗಿಸಿ ಮಿಕ್ಸಿಯಲ್ಲೇ ಪುಡಿ ಮಾಡುತ್ತೇನೆ. ಕೆಲಸ ಹೆಚ್ಚು, ನಿಜ. ನಮ್ಮ ಮನೆಯಲ್ಲಿ ದೊಡ್ಡ ವ್ಯತ್ಯಾಸ ಕಂಡದ್ದು ಮಾತ್ರ ಇದರಿಂದಲೇ.

ಗೋಧಿ ಹಿಟ್ಟು ಜರಡಿ ಹಿಡಿಯುವ ಜರಡಿ, ಲಟ್ಟಣಿಗೆ, ಚಪಾತಿ ಬೇಯಿಸುವ ಕಬ್ಬಿಣದ ಕಾವಲಿ, ಇವು ಮೂರೂ ಅವಳಿಗೆ ಬೇರೆಯೇ ಇರಲಿ. ಸ್ಟೀಲ್ ಪಾತ್ರೆಗಳನ್ನು ಚೆನ್ನಾಗಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ.

ಇನ್ನು ಅಜ್ಜಿಯ ಕೈತುತ್ತು. ರವೆಯೂ ಗೋಧಿಯೇ ಎಂಬುದು ಎಷ್ಟೋ ಹಿರಿಯರಿಗೆ ಹೊಳೆಯುವುದಿಲ್ಲ. ಉಪ್ಪಿಟ್ಟು, ಕೇಸರಿಬಾತು, ಮದ್ದೂರು ವಡೆ, ಸತ್ಯನಾರಾಯಣ ಪೂಜೆಯ ಸಜ್ಜಿಗೆ ಎಲ್ಲದರಲ್ಲೂ ಅದೇ. 'ಪ್ರಸಾದ ಅಲ್ವಾ, ಒಂಚೂರು ತಿಂದ್ರೆ ಏನಾಗಲ್ಲ' ಅಂದಾಗ ಸೊಸೆಯಾದವಳು ಎದುರಾಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅವರದು ತಪ್ಪಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಉತ್ತರ ಭಾರತದಲ್ಲಿ ಈ ಕಾಯಿಲೆ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟು. ನಮ್ಮವರು ಹೆಸರನ್ನೇ ಕೇಳಿರುವುದಿಲ್ಲ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನಾನು ವರ್ಷವಿಡೀ ಹೇಳಿ ಆಗದಿದ್ದದ್ದು ವೈದ್ಯರ ಹತ್ತು ನಿಮಿಷದ ಮಾತಿನಿಂದ ಆಯಿತು. ಈಗ ನಮ್ಮತ್ತೆಯೇ ಪೂಜೆಗೆ ಅಕ್ಕಿತರಿಯಲ್ಲಿ ಸಜ್ಜಿಗೆ ಮಾಡುತ್ತಾರೆ.

ಇಷ್ಟೆಲ್ಲ ಸರಿಪಡಿಸಿ ಆರು ತಿಂಗಳಾದರೂ ಟಿಟಿಜಿ ಇಳಿಯದಿದ್ದರೆ ವೈದ್ಯರು ಬೇರೆ ಕಾರಣ ಹುಡುಕಬೇಕಾಗುತ್ತದೆ.

ಒಂದು ಎಚ್ಚರಿಕೆ. ಮನೆಗೆಲ್ಲ ಗೋಧಿ ನಿಲ್ಲಿಸುವ ಯೋಚನೆಯಿದ್ದರೆ, ಅದಕ್ಕೂ ಮೊದಲು ನೀವು, ನಿಮ್ಮ ಯಜಮಾನರು, ಉಳಿದ ಮಕ್ಕಳು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಒಬ್ಬರಿಗಿದ್ದರೆ ಹೆತ್ತವರಲ್ಲಿ, ಒಡಹುಟ್ಟಿದವರಲ್ಲಿ ಇರುವ ಸಾಧ್ಯತೆ ಹೆಚ್ಚು. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆಯಿದ್ದರೂ ಇಲ್ಲವೆಂದೇ ವರದಿ ಬಂದುಬಿಡಬಹುದು.